ಬೋರಲಿಂಗ ಕೋಳಿಗೆ ಮನೆ ಮಾಡಿದ್ದು

ಪೆದ್ದರು ಯಾವ ಊರಲ್ಲಿ ಇಲ್ಲ ಹೇಳಿ? ಎಲ್ಲ ಊರಲ್ಲೂ ಇದ್ದಾರೆ. ಆದರೆ ನಮ್ಮ ಹುಣಸೇಕೊಪ್ಪಲಿನ ಬೋರಲಿಂಗನ ಮುಂದೆ ಆ ಊರುಗಳ ಪೆದ್ದರೆಲ್ಲ ಇನ್ನೂ ಅಆಇಈ ತಿದ್ದುವ ಮಕ್ಕಳು. ಜಂಬಕ್ಕೆ ಹೇಳುತ್ತಿಲ್ಲ. ಹೆಮ್ಮೆಪಡೋಣವೆಂದರೆ ನಮ್ಮೂರಲ್ಲಿ ಕೋಟೆಯಿಲ್ಲ, ಕೊತ್ತಲವಿಲ್ಲ, ಇರುವವನು ಇವನೊಬ್ಬ. ಆದ್ದರಿಂದ ಬಾಯಲ್ಲಿರುವ ಎಲೆಯಡಿಕೆ ಉಗಿದು ಬಂದು ಕೂತುಕೊಳ್ಳಿ. ನಡುವೆ ಬಾಯಿ ತೆರೆಯುವ ಸಂದರ್ಭ ಬಹಳ ಬರುತ್ತದೆ.

ಬೋರಲಿಂಗನಿಗೆ ಇಪ್ಪತ್ತನಾಲ್ಕು ವರ್ಷ. ಆಳು ಒನಕೆಯಷ್ಟು ಗಟ್ಟಿ, ಮನಸ್ಸು ಬೆಣ್ಣೆಯಷ್ಟು ಮೆತ್ತಗೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕಷ್ಟ ಏನಪ್ಪಾ ಅಂದರೆ, ಇವತ್ತು ಹೇಳಿದ್ದನ್ನು ಅವನು ನಾಳೆ ಮಾಡುತ್ತಿದ್ದ. ಅವನ ತಾಯಿ ಜವರಮ್ಮ, ಊರಾಚೆಯ ನರ್ಸರಿ ಶಾಲೆಯಲ್ಲಿ ಆಯಾ. ದಿನವಿಡೀ ನಲವತ್ತು ಮಕ್ಕಳ ಮೂಗು ಒರೆಸಿ ಸುಸ್ತಾಗದ ಹೆಂಗಸು, ಸಂಜೆ ಮನೆಗೆ ಬಂದು ಈ ಒಬ್ಬನ ಮುಖ ನೋಡಿದರೆ ಸಾಕು, ಗೋಡೆಗೆ ಒರಗಿಬಿಡುತ್ತಿದ್ದಳು.

ಅಂಥ ಜವರಮ್ಮನಿಗೆ ಈಗ ಒಂದು ಅಗ್ನಿಪರೀಕ್ಷೆ ಬಂದಿತ್ತು. ಮಗಳು ಸುಧಾಮಣಿ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಬಾಣಂತಿಗೆ ನಾಟಿಕೋಳಿ ಸಾರು ತವರಿನ ಕೈಯಿಂದಲೇ ಸಿಗಬೇಕು. ಆದರೆ ಸುಧಾಮಣಿಯ ಅತ್ತೆ ಸಾಕಮ್ಮ ಅಂದರೆ ಸುಮ್ಮನೆ ಅಲ್ಲ. ಅವಳು ಹೇಳಿ ಕಳಿಸಿದ್ದಳು: "ಸೋಮವಾರ ನಾನೇ ಬತ್ತೀನಿ. ನಾಕು ಒಳ್ಳೆ ಹ್ಯಾಟೆ ಕೋಳಿ ಕಣ್ಣಿಗೆ ಬಿದ್ರೆ ಸೊಸೇನ ಕಳಿಸ್ತೀನಿ. ಇಲ್ದಿದ್ರೆ ಬಾಣಂತನ ನಮ್ಮನೇಲೇ!"

ತವರು ಇದ್ದೂ ಮಗಳ ಬಾಣಂತನ ಅತ್ತೆ ಮನೆಯಲ್ಲಾದರೆ ಜವರಮ್ಮ ನಲ್ಲಿಯ ಹತ್ತಿರ ತಲೆಯೆತ್ತಿ ನಿಲ್ಲುವಂತಿರಲಿಲ್ಲ. ಅವಳ ಹತ್ತಿರ ಐದು ಹ್ಯಾಟೆ, ಒಂದು ಹುಂಜ ಇದ್ದವು. ಕೋಳಿ ಕವುಚುವ ಮಂಕರಿಯೋ ತೂತು ಬಿದ್ದು ಹೋಗಿತ್ತು; ಹೋದ ತಿಂಗಳು ಮುಂಗುಸಿ ಅದರಲ್ಲೇ ಕೈಹಾಕಿ ಮೂರನ್ನು ಎಳೆದುಕೊಂಡು ಹೋಗಿತ್ತು. ಹೀಗಿರುವಾಗ ಶಾಲೆಯ ವತ್ಸಲಾ ಮೇಡಂ, "ಜವರಮ್ಮ, ಮಕ್ಕಳಾಡೋ ಪ್ಲಾಸ್ಟಿಕ್ ಮನೆ ಹಳೇದಾಯ್ತು, ಬೇಕಾದ್ರೆ ತಗೊಂಡು ಹೋಗಿ" ಅಂದರು.

ಕೆಂಪು ಚಾವಣಿ, ಹಳದಿ ಗೋಡೆ, ಹಸಿರು ಬಾಗಿಲು, ಎರಡು ಕಿಟಕಿ! ಕಿಟಕಿಗೆ ತಂತಿಬಲೆ ಹೊಡೆದು, ಒಳಗೆ ಒಂದು ಕೋಲು ಅಡ್ಡ ಕಟ್ಟಿ, ಹುಲ್ಲು ಹಾಸಿಬಿಟ್ಟರೆ ಮುಂಗುಸಿಯ ಅಪ್ಪನಿಗೂ ಒಳಗೆ ನುಗ್ಗಲಾಗದು. ಜವರಮ್ಮ ಶನಿವಾರ ರಜೆ ಹಾಕಿ ಹಿತ್ತಲ ನೆಲ ಸಮ ಮಾಡುತ್ತಾ ಮಗನನ್ನು ಕರೆದಳು.

"ಲೋ ಬೋರ, ತಳ್ಳುಗಾಡಿ ತಗೊಂಡು ಇಸ್ಕೂಲಿಗೆ ಹೋಗು. ಮೇಡಂನ ಕೇಳಿ ಆ ಮನೆ ಹೇರ್ಕೊಂಡು ಬಾ. ಅದರಲ್ಲಿ ಏನೇನದೆಯೋ ಎಲ್ಲಾ ಬರ್ಬೇಕು. ಒಂದೂ ಬುಟ್ಟು ಬರ್ಬ್ಯಾಡ!"

ಅವಳು ಹೇಳಿದ್ದು ಚಿಲಕ, ತಿರುಪು, ಕಿಟಕಿ ಬಾಗಿಲ ಮಾತು.

"ಹಂಗೇ ಆಗ್ಲಿ ಕಣವ್ವ," ಅಂದ ಬೋರಲಿಂಗ.

ಹೋದ. ಕೇಳಿದ. ಹೇರಿಕೊಂಡ. ಅರ್ಧ ಗಂಟೆಯಲ್ಲಿ ಬೀದಿ ತುಂಬ ಬೊಬ್ಬೆ! ಜವರಮ್ಮ ಗುದ್ದಲಿ ಹಿಡಿದೇ ಓಡಿಬಂದು ನೋಡುತ್ತಾಳೆ: ಮುಂದೆ ತಳ್ಳುಗಾಡಿ, ಗಾಡಿಯ ಮೇಲೆ ಮನೆ, ಮನೆಯ ಕಿಟಕಿಯಲ್ಲಿ ಮೂರು ತಲೆ! ಮೂರೂ ಎಲ್‌ಕೆಜಿ ಮಕ್ಕಳು, ಕೈಯಲ್ಲಿ ಬಿಸ್ಕತ್ತು, "ಪೋಂ ಪೋಂ, ಬಸ್ಸು ಬಂತು!" ಅಂತ ಕೂಗುತ್ತಿವೆ. ಹಿಂದೆ ಚಪ್ಪಲಿ ಬಿಟ್ಟು ಓಡಿಬರುತ್ತಿರುವ ವತ್ಸಲಾ ಮೇಡಂ. ಅವರ ಹಿಂದೆ ಮಕ್ಕಳ ತಾಯಂದಿರು. ಅವರ ಹಿಂದೆ ಕಟ್ಟಿಗೆ ಹಿಡಿದ ಅರ್ಧ ಊರು.

"ಮಕ್ಕಳ ಕಳ್ಳ! ಹಿಡೀರಿ!"

ಜವರಮ್ಮ ಗುದ್ದಲಿ ಎಸೆದು ಗಾಡಿಗೆ ಅಡ್ಡ ನಿಂತಳು. "ಅಯ್ಯಯ್ಯೋ! ನನ್ನ ಹೊಟ್ಟೇಲಿ ಹುಟ್ಟಿದ್ದು ಮಗನೋ, ಮರದ ತುಂಡೋ! ಮಕ್ಕಳನ್ಯಾಕ್ಲಾ ತಂದೆ?"

"ಒಂದೂ ಬುಡಬ್ಯಾಡ ಅಂದಲ್ಲವ್ವ. ಒಳಗೆ ಮೂರು ಇದ್ವು. ಮೂರೂ ತಂದೆ. ಎಣಿಸ್ಕೊ ಬೇಕಾದ್ರೆ."

ಎಲ್ಲರ ಕೈಕಾಲು ಹಿಡಿದು, ಮಕ್ಕಳನ್ನು ಇಳಿಸಿ ಕಳಿಸಿಕೊಡುವಷ್ಟರಲ್ಲಿ ಜವರಮ್ಮನ ಗಂಟಲು ಒಣಗಿತ್ತು. ಮಕ್ಕಳು ಇಳಿಯಲೊಲ್ಲವು ಬೇರೆ.

"ಕೇಳ್ಲಾ ಇಲ್ಲಿ! ಮನೇನ ಎತ್ತಬೇಕು, ಸರಿಸಬೇಕು ಅಂದ್ರೆ, ಮೊದಲು ಒಳಗಿರೋರನ್ನೆಲ್ಲ ಹೊರಕ್ಕೆ ಓಡಿಸ್ಬೇಕು! ಒಂದು ಜೀವ ಉಳೀಬಾರ್ದು! ಆಮ್ಯಾಕೆ ಮನೆ ಮುಟ್ಟಬೇಕು!"

"ಹಂಗೇ ಆಗ್ಲಿ ಕಣವ್ವ. ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಸಂಜೆಗೆ ಕಿಟಕಿಗೆ ಬಲೆ ಹೊಡೆದದ್ದಾಯಿತು. ಐದು ಹ್ಯಾಟೆ, ಒಂದು ಹುಂಜ ಒಳಗೆ ಹೋದವು. ಹುಂಜ ಹಳದಿ ಗೋಡೆ ನೋಡಿ ಕತ್ತು ಕೊಂಕಿಸಿ, ತಾನೇ ಕಟ್ಟಿಸಿದ ಹಾಗೆ ಒಂದು ಸುತ್ತು ಹಾಕಿತು. ಜವರಮ್ಮನಿಗೆ ಹಾಲು ಕುಡಿದಷ್ಟು ಸಂತೋಷ.

ಭಾನುವಾರ ಬೆಳಿಗ್ಗೆ ಬಿಸಿಲೇರಿತು. "ಬೋರ, ಪ್ಲಾಸ್ಟಿಕ್ಕು ಕಾದ್ರೆ ಕೋಳಿ ಒಳಗೇ ಬೆಂದೋಗ್ತವೆ. ಮನೇನ ಹೊಂಗೆಮರದ ನೆರಳಿಗೆ ಸರಿಸು," ಅಂದು ಜವರಮ್ಮ ಹುಲ್ಲು ತರಲು ಹೋದಳು.

ಸರಿಸಬೇಕು! ಬೋರಲಿಂಗನಿಗೆ ನಿನ್ನೆಯ ಬುದ್ಧಿಮಾತು ಫಳ್ ಅಂತ ನೆನಪಾಯಿತು. ಬಾಗಿಲು ಹಾರು ಹೊಡೆದ. ಕಸಬರಿಕೆ ತಗೊಂಡ. "ಏಳ್ರಿ, ಏಳ್ರಿ! ಹೊರಕ್ಕೆ ನಡೀರಿ! ಒಂದು ಜೀವ ಉಳೀಬಾರ್ದು!" ಮೊದಲ ಕೋಳಿ ಹೊರಕ್ಕೆ. ಎರಡನೇದು ಹೊರಕ್ಕೆ. ಹುಂಜ ಜಗಳವಾಡಿಕೊಂಡೇ ಹೊರಕ್ಕೆ. ಬೇಲಿಯಾಚೆ ಬೀದಿನಾಯಿಯೊಂದು ಇದನ್ನೆಲ್ಲ ನೋಡುತ್ತಾ ಕೂತಿತ್ತು. ಯಾರೋ ಎಲೆ ಹಾಕಿ ಬಡಿಸುತ್ತಿದ್ದಾರೆ ಅಂತ ತಿಳಿದುಕೊಂಡಿತು, ಪಾಪ.

ಜವರಮ್ಮ ಹುಲ್ಲಿನ ಹೊರೆ ಹೊತ್ತು ಬಂದಾಗ ಮನೆ ನೆರಳಲ್ಲಿದೆ, ಖಾಲಿ ಇದೆ. ಕೋಳಿಗಳು ಚಾವಣಿ, ಬೇಲಿ, ಒಗೆಯುವ ಕಲ್ಲಿನ ಮೇಲೆ ಚೆಲ್ಲಾಪಿಲ್ಲಿ. ಚುಕ್ಕೆ ಹ್ಯಾಟೆ ಮಾತ್ರ ನಾಯಿಯ ಬಾಯಲ್ಲಿ ಬೀದಿ ತಿರುವು ದಾಟುತ್ತಿದೆ!

ಹೊರೆ ಧೊಪ್ಪನೆ ಬಿತ್ತು. "ಅಯ್ಯಯ್ಯೋ! ನನ್ನ ಹೊಟ್ಟೇಲಿ ಹುಟ್ಟಿದ್ದು ಮಗನೋ, ಒರಳುಕಲ್ಲೋ! ಓಡಿಸಿದ್ಯಾಕ್ಲಾ?"

"ಸರಿಸೋಕೆ ಮುಂಚೆ ಓಡಿಸು ಅಂದಲ್ಲವ್ವ. ಚುಕ್ಕಿ ಹೋಗ್ತಾ ಇರ್ಲಿಲ್ಲ. ನಾಯೀನೂ ಸ್ವಲ್ಪ ಸಹಾಯ ಮಾಡ್ತು."

ಉಳಿದ ಹ್ಯಾಟೆ ನಾಲ್ಕು. ಸರಿಯಾಗಿ ನಾಲ್ಕು. ಇನ್ನೊಂದು ಹೋದರೆ ಮಗಳು ಬರುವಂತಿಲ್ಲ. ಜವರಮ್ಮ ಕೋಳಿಗಳನ್ನು ಹಿಡಿದು ಹಿಡಿದು ಮುರಿದ ಮಂಕರಿಯಡಿ ಕವುಚಿ, ತೂತಿಗೆ ಕಲ್ಲಿಟ್ಟು, ಏದುಸಿರು ಬಿಡುತ್ತಾ ಹೇಳಿದಳು:

"ಇನ್ಮ್ಯಾಕೆ ಆ ಮನೆಯೊಳಕ್ಕೆ ಯಾವುದಾದ್ರೂ ಜೀವ ಹೋದೇಟ್ಗೆ ಚಿಲಕ ಹಾಕ್ಬೇಕು! ಅಡ್ಡ ಕಲ್ಲು ಮಡಗಬೇಕು! ಒಳಗಿಂದ ಎಷ್ಟು ಕೂಗಿದ್ರೂ ತೆಗೀಬಾರ್ದು! ಕಿಟಕೀಲಿ ನುಚ್ಚು, ನೀರು ಕೊಡು, ಅಷ್ಟೇ!"

"ಹಂಗೇ ಆಗ್ಲಿ ಕಣವ್ವ. ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಮಧ್ಯಾಹ್ನ ಜವರಮ್ಮ ಕೋಳಿ ಕೂರುವ ಕೋಲು ಕಟ್ಟಿ ಹುಲ್ಲು ಹಾಸೋಣವೆಂದು ಆ ಪುಟ್ಟ ಬಾಗಿಲಲ್ಲಿ ಮಂಡಿಯೂರಿ ಒಳಗೆ ತೂರಿದಳು. ಮೈಯೆಲ್ಲ ಒಳಗೆ ಹೋಯಿತು. ಹಿಮ್ಮಡಿಯೂ ಹೋಯಿತು.

ಚಟಕ್! ಚಿಲಕ ಬಿತ್ತು. ಧಡ್! ಬೀಸುವ ಕಲ್ಲು ಅಡ್ಡ ಬಂತು.

"ಯಾರ್ಲಾ ಅದು? ಬೋರಾ! ತೆಗೀಲಾ!"

"ಕೂಗು, ಕೂಗು. ಎಷ್ಟು ಕೂಗಿದ್ರೂ ತೆಗೆಯಾಕಿಲ್ಲ."

"ನಾನ್ಲಾ! ನಿಮ್ಮವ್ವ!"

"ಗೊತ್ತು ಕಣವ್ವ. ಜೀವ ಅಲ್ವಾ ನೀನೂ?"

ತಂತಿಬಲೆಯ ಸಂದಿಯಲ್ಲಿ ಒಂದು ಹಿಡಿ ನುಚ್ಚು ಬಂದು ಜವರಮ್ಮನ ತಲೆಯ ಮೇಲೆ ಸುರಿಯಿತು. ಹಿಂದೆಯೇ ಒಂದು ಚೊಂಬು ನೀರು. ತಿರುಗೋಣವೆಂದರೆ ಜಾಗವಿಲ್ಲ, ಏಳೋಣವೆಂದರೆ ಚಾವಣಿ. ನಾಲ್ಕು ವರ್ಷದ ಮಕ್ಕಳಿಗೆ ಮಾಡಿದ ಮನೆಯಲ್ಲಿ ಐವತ್ತು ವರ್ಷದ ಹೆಂಗಸು ಗಂಟುಮೂಟೆಯಾಗಿ ಕೂತು, ಬಾಯಿಗೆ ಬಂದದ್ದೆಲ್ಲ ಬೈದಳು.

ಪಕ್ಕದ ಮನೆ ಈರಕ್ಕ ಬಟ್ಟೆ ಹರವಲು ಬಂದವಳು ಇದನ್ನು ಕೇಳಿ ಬಕೆಟ್ಟು ಕೈಬಿಟ್ಟಳು. "ಅಯ್ಯೋ ಶಿವನೇ! ಜವರಕ್ಕನ ಕೋಳಿಗೆ ಮಾತು ಬಂದದೆ! ಅದೂ ಕೆಟ್ಟ ಮಾತು!" ಕೇರಿಗೆಲ್ಲ ಸಾರಿ, ಎಂಟು ಜನರನ್ನು ಕರೆತಂದು, ಎಂಟು ಜನ ಕಿಟಕಿಯಲ್ಲಿ ಇಣುಕಿ, ಎಂಟು ಬಾಯಿ ತೆರೆದು, ಆಮೇಲೆ ಚಿಲಕ ತೆಗೆದರು. ಜವರಮ್ಮ ಹಿಂದುಹಿಂದಾಗಿ ಹೊರಗೆ ಬಂದಳು. ತಲೆಯಲ್ಲಿ ಹುಲ್ಲು, ಕಿವಿಯಲ್ಲಿ ನುಚ್ಚು.

"ಅಯ್ಯಯ್ಯೋ! ನನ್ನ ಹೊಟ್ಟೇಲಿ ಹುಟ್ಟಿದ್ದು ಮಗನೋ, ಬೀಗದ ಬುರುಡೆಯೋ! ಹೊಸ ಮನೆ ಕಣ್ಲಾ ಅದು! ಹೊಸ ಮನೇನ ಹೆಂಗೆ ಶುರು ಮಾಡ್ತಾರೆ ಅಂತ ಈರಕ್ಕನ ಮನೆ ಒಕ್ಕಲಾದಾಗ ನೀನು ನೋಡ್ಲಿಲ್ವಾ? ಉಂಡು ಬರ್ಲಿಲ್ವಾ? ಹಂಗೆ ಮಂಗಳವಾಗಿ ಮಾಡೋದು ಕಲಿ. ಹೆತ್ತವಳನ್ನ ಕೂಡಿಹಾಕಿದ್ರೆ ಒಳ್ಳೇದಾದಾತಾ?"

"ಹಂಗೇ ಆಗ್ಲಿ ಕಣವ್ವ. ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಸೋಮವಾರ ಬಂತು. ಬೀಗಿತ್ತಿ ಬರುವ ದಿನ. ಜವರಮ್ಮ ಬೆಳಕು ಹರಿಯುತ್ತಲೇ ಅಂಗಳ ಸಾರಿಸಿ ನೀರು ತರಲು ನಲ್ಲಿಗೆ ಹೋದಳು. ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟು ಹಿತ್ತಲಿಗೆ ಕಾಲಿಟ್ಟು ನೋಡುತ್ತಾಳೆ:

ಪ್ಲಾಸ್ಟಿಕ್ ಮನೆಯ ಹಸಿರು ಬಾಗಿಲಿಗೆ ಮಾವಿನ ತೋರಣ. ಎದುರಿಗೆ ಚಾಪೆ. ಚಾಪೆಯ ಮೇಲೆ ನಾಲ್ಕು ಹ್ಯಾಟೆಗಳು ಸಾಲಾಗಿ, ಕಾಲಿಗೆ ಅರಿಶಿನ, ನೆತ್ತಿಗೆ ಕುಂಕುಮ, ಮುತ್ತೈದೆಯರ ಹಾಗೆ. ಕಾಲು ಕಟ್ಟಿದ್ದರಿಂದ ಏಳುವ ಹಾಗಿಲ್ಲ. ಹುಂಜ ಹೆಗಲಿಗೆ ಟವೆಲ್ಲು ಹಾಕಿಸಿಕೊಂಡು ಮನೆ ಯಜಮಾನನಾಗಿ ನಿಂತಿದೆ. ಕಿಟಕಿಯಿಂದ ಗಮ್ಮಂತ ಹೊಗೆ! ಒಳಗೆ ಮೂರು ಇಟ್ಟಿಗೆ, ಇಟ್ಟಿಗೆ ನಡುವೆ ಪುಳ್ಳೆ ಸೌದೆ ಉರಿ, ಉರಿಯ ಮೇಲೆ ಹಾಲಿನ ಪಾತ್ರೆ, ಪಾತ್ರೆಯ ಮುಂದೆ ಬಾಗಿಲಲ್ಲೇ ಕೈಮುಗಿದು ಕೂತ ಬೋರಲಿಂಗ!

ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತಿದ್ದಾನೆ. ಪ್ಲಾಸ್ಟಿಕ್ ಮನೆಯಲ್ಲಿ!

ಹಿಂದಿನ ಹಳದಿ ಗೋಡೆ ಪಾಕಕ್ಕಿಟ್ಟ ಬೆಲ್ಲದ ಹಾಗೆ ಮೆಲ್ಲಗೆ ಬಾಗುತ್ತಿತ್ತು. ಕೆಂಪು ಚಾವಣಿಯ ಒಂದು ಮೂಲೆ ನಾಲಿಗೆ ಚಾಚಿದಂತೆ ಇಳಿಯುತ್ತಿತ್ತು.

ಜವರಮ್ಮ ಸೊಂಟದ ಬಿಂದಿಗೆಯನ್ನು ಹಾಗೇ ಎತ್ತಿ ಒಳಗೆ ಸುರಿದಳು. ಭಸ್! ಬೆಂಕಿ ಆರಿತು, ಹಾಲು ಚೆಲ್ಲಿತು, ಬೋರಲಿಂಗ ತೊಪ್ಪೆಯಾದ.

"ಇನ್ನೊಂದು ಚಣ ತಡೆದಿದ್ರೆ ಉಕ್ಕೋದು ಕಣವ್ವ!"

"ಅಯ್ಯಯ್ಯೋ! ನನ್ನ ಹೊಟ್ಟೇಲಿ ಹುಟ್ಟಿದ್ದು ಮಗನೋ, ಬೆಂಕಿಪೊಟ್ಟಣವೋ! ಹೊಗೆ ಎದ್ದಿದ್ದು ಕಾಣ್ಲಿಲ್ವಾ? ಹೊಗೆ ಕಂಡ ತಕ್ಷಣ ಬಿಂದಿಗೆ ಎತ್ತಿ ನೀರು ಹೊಯ್ಯಬೇಕು! ಏನು, ಎತ್ತ ಅಂತ ನೋಡ್ತಾ ಕೂತ್ಕೋಬಾರ್ದು! ಹೊಗೆ ಕಂಡ್ರೆ ನೀರು! ತಿಳೀತಾ?"

"ಹಂಗೇ ಆಗ್ಲಿ ಕಣವ್ವ. ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಸುಟ್ಟ ಗೋಡೆಗೆ ಗೋಣಿತಾಟು ಇಳಿಬಿಟ್ಟು, ಒಳಗೆ ಹೊಸ ಹುಲ್ಲು ಹಾಸಿ, ಕೋಳಿಗಳ ಕಾಲು ಬಿಚ್ಚಿ ಒಳಗೆ ಬಿಡುವಷ್ಟರಲ್ಲಿ ಬೀದಿಯಲ್ಲಿ ಪೀಂ ಪೀಂ ಅಂತು. ಸಾಕಮ್ಮ ತಮ್ಮೂರಿನ ಲಗೇಜ್ ಆಟೋದಲ್ಲಿ ಬಂದಿಳಿದಳು. ಮುಂದೆ ಡ್ರೈವರ್ ಪಕ್ಕದಲ್ಲಿ ಅವಳು, ಹಿಂದೆ ಟೊಮ್ಯಾಟೊ ಮಾರುಕಟ್ಟೆಗೆ ಹಾಕಿ ಬಂದ ಖಾಲಿ ಕ್ರೇಟು, ಮಿಕ್ಕಿದ್ದೆಲ್ಲ ಖಾಲಿ ಜಾಗ. ಡ್ರೈವರ್ ಆಟೋ ನಿಲ್ಲಿಸಿ, ಸ್ಟೇರಿಂಗಿಗೆ ತಲೆಕೊಟ್ಟು ನಿದ್ದೆ ಹೊಡೆದ.

"ಬನ್ನಿ ಬೀಗ್ತೀ, ಬನ್ನಿ! ಕಾಪಿ ಕುಡೀರಿ ಮೊದಲು!"

"ಕೋಳಿ ನೋಡ್ದೆ ನಾನು ಕಾಪಿ ಕುಡಿಯೋಳಲ್ಲ. ಆದ್ರೂ ತಾ, ಗಂಟಲು ಒಣಗದೆ."

ಸಾಕಮ್ಮ ಜಗಲಿಯ ಮೇಲೆ ಕಾಲು ಮಡಿಸಿ ಕೂತಳು. ಜವರಮ್ಮ ಸುಡುಸುಡುವ ಕಾಫಿಯನ್ನು ಲೋಟದಲ್ಲಿ ತಂದು ಕೈಗೆ ಕೊಟ್ಟಳು. ಲೋಟದಿಂದ ಬಿಳಿ ಹಬೆ ಸುರುಳಿ ಸುರುಳಿಯಾಗಿ ಎದ್ದು ಸಾಕಮ್ಮನ ಮುಖದ ಸುತ್ತ ಆಡಿತು.

ಬೋರಲಿಂಗ ಬಾಗಿಲ ಸಂದಿಯಿಂದ ನೋಡಿದ. ಹೊಗೆ! ಅದೂ ಸಾಕಮ್ಮನ ಮುಖದಿಂದ!

ಭಸ್!

ಬಿಂದಿಗೆಯಷ್ಟೂ ನೀರು ಸಾಕಮ್ಮನ ನೆತ್ತಿಯ ಮೇಲೆ! ಮುಡಿದ ಕನಕಾಂಬರ ಮೂಗಿಗೆ ಬಂತು, ಕುಂಕುಮ ಗಲ್ಲಕ್ಕೆ ಬಂತು. ಲೋಟ ಕೈಯಲ್ಲೇ ಇತ್ತು, ಕಾಫಿ ಮಾತ್ರ ಇರಲಿಲ್ಲ. ಜಗಲಿಯಿಂದ ನೀರು ತೊಟಕ್ ತೊಟಕ್ ಅಂತ ತೊಟ್ಟಿಕ್ಕಿತು.

"ಬೀಗ್ತೀ," ಅಂದಳು ಸಾಕಮ್ಮ ಮುಖ ಒರೆಸಿಕೊಂಡು, "ನಿಮ್ಮೂರಲ್ಲಿ ಬಂದವರ ಕಾಲಿಗೆ ನೀರು ಕೊಡೋದಿಲ್ವಾ? ತಲೆಗೇ ಕೊಡೋದಾ?"

ಜವರಮ್ಮ ಅವಳಿಗೆ ತನ್ನ ಒಳ್ಳೆಯ ಸೀರೆ ಕೊಟ್ಟು ಕೋಣೆಗೆ ಕಳಿಸಿ, ಮಗನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಕೂಗುವ ಹಾಗಿಲ್ಲ, ಬೀಗಿತ್ತಿಗೆ ಕೇಳುತ್ತದೆ. ಪಿಸುಮಾತಿನಲ್ಲೇ ಕೂಗಿದಳು:

"ಅಯ್ಯಯ್ಯೋ! ನನ್ನ ಹೊಟ್ಟೇಲಿ ಹುಟ್ಟಿದ್ದು ಮಗನೋ, ಬೋರ್‌ವೆಲ್ಲೋ! ಬೀಗರಿಗೆ ಹಂಗಾ ಮಾಡೋದು? ಬೀಗರು ಬಾಯಿಬಿಟ್ಟು ಏನೂ ಕೇಳಾಕಿಲ್ಲ ಕಣ್ಲಾ. ಉಪ್ಪಿನಕಾಯಿ ಚೆನ್ನಾಗದೆ ಅಂತಾರೆ, ನಾವು ಉಪ್ಪಿನಕಾಯಿ ಕಳಿಸ್ಬೇಕು. ಅವರೆಕಾಯಿ ಚೆನ್ನಾಗದೆ ಅಂತಾರೆ, ಅವರೆಕಾಯಿ ಕಳಿಸ್ಬೇಕು. ಏನೇನು ಚೆನ್ನಾಗದೆ ಅಂದ್ರೋ, ಅವರು ಹೊರಡೋಕೆ ಮುಂಚೆ, ಹೇಳಿಸ್ಕೊಳ್ದಂಗೆ ಗಾಡಿಗೆ ಹಾಕಿರ್ಬೇಕು. ಅದು ಮರ್ಯಾದೆ!"

"ಹಂಗೇ ಆಗ್ಲಿ ಕಣವ್ವ," ಅಂತ ಬೋರಲಿಂಗನೂ ಪಿಸುಗುಟ್ಟಿದ. "ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಸಾಕಮ್ಮ ಒಣ ಸೀರೆಯುಟ್ಟು ಹಿತ್ತಲಿಗೆ ಬಂದಳು. ಒಂದೊಂದೇ ಹ್ಯಾಟೆಯನ್ನು ಹೊರಗೆ ತೆಗೆದಳು. ರೆಕ್ಕೆಯಡಿ ಕೈಹಾಕಿ ತೂಕ ನೋಡಿದಳು. ಎದೆಯ ಪುಕ್ಕ ಊದಿ ಬಣ್ಣ ನೋಡಿದಳು. ಕಾಲಿನ ಅರಿಶಿನ ನೋಡಿ ಜವರಮ್ಮನ ಮುಖ ನೋಡಿದಳು. ಜವರಮ್ಮ ಆಕಾಶ ನೋಡಿದಳು.

"ಕೋಳಿ ಚೆನ್ನಾಗವೆ," ಅಂದಳು ಸಾಕಮ್ಮ.

ಜವರಮ್ಮನಿಗೆ ಅರ್ಧ ಉಸಿರು ಬಂತು.

"ಗೂಡೂ ಚೆನ್ನಾಗದೆ. ನಮ್ಮೂರ ಕಡೆ ಇಂಥದ್ದು ನೋಡೇ ಇಲ್ಲ. ಸ್ವಲ್ಪ ಸೊಟ್ಟಗದೆ, ಇರ್ಲಿ ಬುಡು."

ಮುಕ್ಕಾಲು ಉಸಿರು.

ಸಾಕಮ್ಮ ತಿರುಗಿ ಬೋರಲಿಂಗನನ್ನು ಮೇಲಿಂದ ಕೆಳಗೆ ನೋಡಿದಳು. ನಗು ತಡೆಯಲಾಗಲಿಲ್ಲ. "ನಿನ್ನ ಮಗನೂ ಚೆನ್ನಾಗವ್ನೆ ಕಣ್ ಬೀಗ್ತೀ. ಉರಿಯೋ ಬಿಸಿಲಲ್ಲಿ ತಣ್ಣೀರು ಹುಯ್ದ, ಮೈ ಹಗುರಾಯ್ತು. ಬುಧವಾರ ಸೊಸೇನ ಕಳಿಸ್ತೀನಿ. ಬಾಣಂತನ ನಿಂದೇ!"

ಪೂರ್ತಿ ಉಸಿರು! ಜವರಮ್ಮನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ಇರಿ ಬೀಗ್ತೀ, ಬರಿಗೈಲಿ ಹೋಗಬಾರ್ದು!" ಅಂದು ಅವಳನ್ನು ಒಳಗೆ ಕರೆದೊಯ್ದು ಮಣೆ ಹಾಕಿ ಕೂರಿಸಿದಳು. ಅರಿಶಿನ ಕುಂಕುಮ ಕೊಟ್ಟಳು. ರವಿಕೆ ಕಣ, ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟಳು. ಇಬ್ಬರೂ ಸುಧಾಮಣಿಗೆ ಏನು ಬಯಕೆ, ಎಷ್ಟು ಕಾಲು ಊತ ಅಂತ ಮಾತಾಡಿದರು. ಮಾತು ಮುಗಿಯಿತು. ಸಾಕಮ್ಮ ಹೋಗಿ ಡ್ರೈವರ್ ಪಕ್ಕದಲ್ಲಿ ಕೂತಳು. ಅವನು ಕಣ್ಣುಜ್ಜಿಕೊಂಡು ಆಟೋ ಬಿಟ್ಟ. ಇಬ್ಬರೂ ಹಿಂದೆ ತಿರುಗಿ ನೋಡಲಿಲ್ಲ.

ಜವರಮ್ಮ ಕೈಬೀಸುತ್ತಾ ಬಾಗಿಲಿಗೆ ಬಂದಳು. ಬೀಸಿದ ಕೈ ಮೇಲೇ ನಿಂತಿತು.

ಆಟೋದ ಹಿಂದೆ ಕೆಂಪು ಚಾವಣಿ ಓಲಾಡುತ್ತಿತ್ತು! ಹಸಿರು ಬಾಗಿಲಿಗೆ ಚಿಲಕ, ಸುತ್ತ ಹಗ್ಗ. ಕಿಟಕಿಯಲ್ಲಿ ನಾಲ್ಕು ಹ್ಯಾಟೆ ಸಾಲಾಗಿ ಊರು ನೋಡುತ್ತಿದ್ದವು. ಹುಂಜ ಕೊಕ್ಕೊಕ್ಕೋ ಅಂತ ಹಾರನ್ನು ಹೊಡೆಯುತ್ತಿತ್ತು. ಗೂಡಿಗೆ ಒರಗಿ, ಟೊಮ್ಯಾಟೊ ಕ್ರೇಟಿನ ಮೇಲೆ ಕಾಲ ಮೇಲೆ ಕಾಲು ಹಾಕಿ, ತಲೆ ಬಾಚಿಕೊಂಡು, ಹೊಸ ಅಂಗಿ ತೊಟ್ಟು ಕೂತವನು ಬೋರಲಿಂಗ!

"ಬೋರಾ!" ಜವರಮ್ಮ ಸೀರೆ ಎತ್ತಿಕಟ್ಟಿ ಓಡಿದಳು. "ನಿಲ್ಸಿ! ಲೋ ಬೋರಾ! ಬಾಣಂತಿ ಕೋಳಿ ಕಣ್ಲಾ! ಇಳೀಲಾ!"

"ಕೋಳಿ ಚೆನ್ನಾಗವೆ ಅಂದ್ರು ಕಣವ್ವ, ಹಾಕ್ದೆ!" ಬೋರಲಿಂಗ ಎರಡೂ ಕೈ ಬಾಯಿಗಿಟ್ಟು ಕೂಗಿದ. "ಗೂಡು ಚೆನ್ನಾಗದೆ ಅಂದ್ರು, ಹಾಕ್ದೆ! ನಾನೂ ಚೆನ್ನಾಗಿದ್ದೀನಿ ಅಂದ್ರು, ಅದಕ್ಕೆ ನಾನೂ ಹತ್ತಿ ಕೂತೆ!"

ಆಟೋ ತಿರುವಿಗೆ ಬಂತು. ಜವರಮ್ಮ ಧೂಳಲ್ಲಿ ನಿಂತುಬಿಟ್ಟಳು, ಬಾಯಿ ತೆರೆದುಕೊಂಡೇ. ತಿರುವಿನಾಚೆಯಿಂದ ಇನ್ನೊಂದು ಕೂಗು ಬಂತು, ತುಂಬ ಮರುಕದ ಕೂಗು:

"ನಿನ್ನ ಬಗ್ಗೆ ಮಾತ್ರ ಅವರು ಏನೂ ಅನ್ನಲೇ ಇಲ್ಲ ಕಣವ್ವ! ಅದಕ್ಕೇ ನಿನ್ನ ಬುಟ್ಟು ಹೊಂಟೆ!"

ಆಟೋ ಅವರೂರು ಸೇರಿತು, ಕತೆ ನಿಮ್ಮ ಕಿವಿ ಸೇರಿತು.